ಕಮಲಾಕ್ಷನ ಪ್ರಶ್ನೆ

"ಸಿಸ್ಟರ್, ರುಕೋ! ಕೊಡ್ಬೇಡಿ ಅದನ್ನು!"

ವಾರ್ಡಿನ ಬಾಗಿಲಿನಿಂದಲೇ ಕಿರುಚುತ್ತ ಓಡಿಬಂದ ಯತಿನ್, ನರ್ಸಿನ ಕೈಯನ್ನು ಸಿರಿಂಜಿನ ಸಮೇತ ಹಿಡಿದುಬಿಟ್ಟ. ಸೂಜಿ ಅವನ ತಾಯಿ ವಾರಿಜಾ ಅವರ ಸಲೈನಿನ ನಳಿಗೆಗೆ ಇನ್ನೇನು ಚುಚ್ಚುವುದರಲ್ಲಿತ್ತು. ಬೆಳಿಗ್ಗೆ ಠಾಕುರ್ಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ ಅವರನ್ನು ಪಕ್ಕದ ಮನೆಯ ಲೋಲಾಕ್ಷಿ ಡೊಂಬಿವಲಿಯ ಈ ಆಸ್ಪತ್ರೆಗೆ ತಂದು ಸೇರಿಸಿದ್ದಳು. ಬೇಲಾಪುರದ ಆಫೀಸಿನಿಂದ ಧಾವಿಸಿ ಬಂದವನಿಗೆ ಅವಳು ಕೆಳಗೇ ಸಿಕ್ಕಿ, "ನೋವಿಗೆ ಇಂಜೆಕ್ಷನ್ ಕೊಡ್ತಾ ಇದ್ದಾರೆ" ಎಂದದ್ದೇ ತಡ, ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದಿದ್ದ.

"ಅರೇ, ಕೈ ಬಿಡಿ! ಏನಾಯ್ತು?" ನರ್ಸ್ ಬೆಚ್ಚಿ ಹಿಂದೆ ಸರಿದಳು. ಎದೆಯ ಮೇಲಿನ ಪಟ್ಟಿಯಲ್ಲಿ ಮಾನಸಿ ಎಂದಿತ್ತು.

"ಇಂಥದ್ದೇ ನೋವಿನ ಮದ್ದು ತಗೊಂಡು ಹಿಂದೊಮ್ಮೆ ಗಂಟಲು ಬಾತು ಉಸಿರೇ ನಿಂತಿತ್ತು ಇವರಿಗೆ. ನಿಮ್ಮದೇ ಬೇಲಾಪುರದ ಶಾಖೆಯಲ್ಲಿ ಮೂರು ದಿನ ಐಸಿಯು! ಇನ್ನೊಂದು ನಿಮಿಷ ತಡವಾಗಿದ್ರೆ ನನಗೆ ಅಮ್ಮ ಇರ್ತಿರಲಿಲ್ಲ. ಒಂದು ಮಾತು ಕೇಳ್ಬಾರದಾ?"

"ಕೇಳೋದ್ಯಾಕೆ? ಕಂಪ್ಯೂಟರಲ್ಲೇ ಬರ್ತದಲ್ಲ." ಮಾನಸಿ ಕೇಸ್ ಪೇಪರನ್ನು ಅವನ ಮುಖಕ್ಕೇ ಹಿಡಿದಳು. "ನೋಡಿ. ಅಲರ್ಜಿ: ಇಲ್ಲ."

"ಅವಳನ್ನು ಬೈಬೇಡ ಮಗಾ," ಎಂದರು ವಾರಿಜಾ, ನೋವಿನಲ್ಲೇ. "ನಾನೇ ಹೇಳ್ಲಿಲ್ಲ. ನನ್ನ ಮಗನೇ ಮಾಡಿದ ಕಂಪ್ಯೂಟರ್ ಅದು, ಅದಕ್ಕೆ ನನ್ನ ಕತೆ ಎಲ್ಲ ಗೊತ್ತುಂಟು ಅಂತ ಸುಮ್ಮನಿದ್ದೆ."

ಯತಿನ್ ಪೇಪರ್ ನೋಡಿದ. 'ಇಲ್ಲ'ದ ಪಕ್ಕದಲ್ಲೊಂದು ಪುಟ್ಟ ನಕ್ಷತ್ರವಿತ್ತು.

ಆ ನಕ್ಷತ್ರ ಅವನದೇ. ಆರು ವರ್ಷದ ಹಿಂದೆ ಇದೇ ಆಸ್ಪತ್ರೆಯವರ ಬೇಲಾಪುರದ ಶಾಖೆಯಲ್ಲಿ, ಮದ್ದು ಕೊಡುವ ಒಂದೇ ಒಂದು ಕೌಂಟರಿಗೆಂದು ಒಂದು ಚಿಕ್ಕ ಸರ್ವಿಸನ್ನು, ಅಂದರೆ ಕೇಳಿದ್ದಕ್ಕೆ ಉತ್ತರ ಹುಡುಕಿ ಕೊಡುವ ಕಂಪ್ಯೂಟರ್ ಪ್ರೋಗ್ರಾಮನ್ನು, ಬರೆದವನು ಅವನು. ರೋಗಿಯ ನಂಬರು ಕೊಟ್ಟರೆ ಅವರಿಗೆ ಆಗದ ಮದ್ದಿನ ಹೆಸರು ಹೇಳಬೇಕು, ಅಷ್ಟೇ ಅದರ ಕೆಲಸ. ಎರಡು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಏನು ತೋರಿಸುವುದು ಎಂದು ಕೌಂಟರಿನ ಕಮಲಾಕ್ಷನನ್ನು ಕೇಳಿದ್ದ. "'ಇಲ್ಲ' ಅಂತ ಹಾಕು ಮಾರಾಯ, ಇಲ್ಲದಿದ್ರೆ ಕ್ಯೂ ರಸ್ತೆಗೆ ಹೋಗ್ತದೆ. ಪಕ್ಕದಲ್ಲೊಂದು ನಕ್ಷತ್ರ ಇರ್ಲಿ. ಅದು ಕಂಡ್ರೆ ನಾನು ಬಾಯಲ್ಲೇ ಕೇಳ್ತೇನೆ," ಎಂದಿದ್ದ ಕಮಲಾಕ್ಷ. ಕೇಳುತ್ತಿದ್ದ ಕೂಡ. 'ಯಾವ ಮದ್ದು ಆಗೂದಿಲ್ಲ ನಿಮಗೆ?' ಮರಾಠಿಯವರಿಗೆ ಮರಾಠಿಯಲ್ಲಿ, ತುಳುವರಿಗೆ ತುಳುವಿನಲ್ಲಿ, ಒಬ್ಬರನ್ನೂ ಬಿಡದೆ.

ಒಂದು ಕೆಲಸದ ಪ್ರೋಗ್ರಾಮನ್ನು ಒಬ್ಬ ಬರೆಯಲಿ, ಉಳಿದವರೆಲ್ಲ ಅದನ್ನೇ ಬಳಸಲಿ ಎನ್ನುವುದು ಆಗ ಯತಿನ್ನನ ಕಂಪನಿಯಲ್ಲಿ ಜಪವಾಗಿತ್ತು. ಕೌಂಟರಿನ ಸರ್ವಿಸ್ ಮೊದಲು ಬೇಲಾಪುರದ ಇಡೀ ಆಸ್ಪತ್ರೆಗೆ ಏರಿತು, ಅಲ್ಲಿಂದ ಹನ್ನೊಂದು ಶಾಖೆಗಳಿಗೆ. ಪ್ರತಿ ಸಲ ಏರಿದಾಗಲೂ ಕೇಕ್ ಕತ್ತರಿಸಿದರು, ಬೆನ್ನು ತಟ್ಟಿದರು. ಪುಣ್ಯಾತ್ಮ ಯತಿನ್ನನೂ ಉಬ್ಬಿಹೋಗಿದ್ದ. ಕಮಲಾಕ್ಷ ಮಾತ್ರ ತನ್ನ ಕೌಂಟರಿನಲ್ಲೇ ಉಳಿದ. ಅವನ ಪ್ರಶ್ನೆಯನ್ನೂ ಜೊತೆಗೆ ಕಳಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಆ ಸರ್ವಿಸನ್ನು ಬರೆದವನಿಗೂ.

"ಈ ನಕ್ಷತ್ರ ಏನು ಅಂತ ಗೊತ್ತುಂಟಾ ನಿಮಗೆ?" ಅವನು ಪೇಪರಿನ ಮೇಲೆ ಬೆರಳಿಟ್ಟು ಕೇಳಿದ.

"ಅದಾ? ಪ್ರಿಂಟರಿಂದು ಏನೋ ಇರ್ಬೇಕು. ಇಲ್ಲಿ ಎಲ್ಲರ ಪೇಪರಲ್ಲೂ ಬರ್ತದೆ."

"ಎಲ್ಲರ ಪೇಪರಲ್ಲೂ?"

"ಹೌದು, ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು. ಆವಾಗಿನಿಂದ ನೋಡ್ತಾ ಇದ್ದೇನೆ."

ಯತಿನ್ ಪಕ್ಕದ ಹಾಸಿಗೆಯ ಪೇಪರನ್ನು ಕಿತ್ತುಕೊಂಡಂತೆ ಎತ್ತಿ ನೋಡಿದ. ಅಲರ್ಜಿ: ಇಲ್ಲ, ನಕ್ಷತ್ರ. ಅದರಾಚೆಯದ್ದು: ಇಲ್ಲ, ನಕ್ಷತ್ರ. ಡೊಂಬಿವಲಿಯಿಂದ ಹೋದ ಪ್ರಶ್ನೆಗೆ, ರೋಗಿಗಳ ದಾಖಲೆಯೆಲ್ಲ ಇರುವ ಬೇಲಾಪುರದಿಂದ ಎರಡು ಸೆಕೆಂಡಿನೊಳಗೆ ಉತ್ತರ ಬಂದದ್ದೇ ಇಲ್ಲ. ಅಯ್ಯೋ ದೇವರೇ, ಎರಡು ವರ್ಷ! ಈ ಹಾಸಿಗೆಗಳ ಮೇಲೆ ಮಲಗಿ ಎದ್ದವರೆಷ್ಟು, ಏಳದವರೆಷ್ಟು?

"ಡಾಕ್ಟರನ್ನು ಕರೀರಿ, ಬೇಗ! ಅವರು ಬರೋ ತನಕ ಯಾರಿಗೂ ಏನೂ ಕೊಡ್ಬೇಡಿ," ಎಂದು ಕೂಗಿದ. ಮಾನಸಿ ಸಿರಿಂಜನ್ನು ತಟ್ಟೆಯಲ್ಲಿಟ್ಟು ಓಡಿದಳು.

ಯತಿನ್ ವಾರ್ಡಿನ ನಡುವೆ ನಿಂತು, ಕಮಲಾಕ್ಷ ಕೇಳುತ್ತಿದ್ದ ಆ ಪ್ರಶ್ನೆಯನ್ನು ತನ್ನ ಹರಕುಮುರುಕು ಮರಾಠಿಯಲ್ಲಿ ಗಟ್ಟಿಯಾಗಿ ಕೇಳಿದ. ಯಾವ ಔಷಧ ಆಗುವುದಿಲ್ಲ ನಿಮಗೆ? ಯಾರಿಗಾದರೂ?

ಎಂಟು ಹೆಂಗಸರು ಅವನನ್ನೇ ನೋಡಿದರು. ಕಿಟಕಿಯ ಪಕ್ಕದ ಮುದುಕಿ, ಶಾಲೆಯಲ್ಲಿ ಮಕ್ಕಳು ಎತ್ತುವಂತೆ, ಮೆಲ್ಲನೆ ಕೈಯೆತ್ತಿದಳು. ಆ ಕೈಗೇ ಚುಚ್ಚಿದ್ದ ನಳಿಗೆಯಲ್ಲಿ ಹಳದಿ ಮದ್ದು ಹನಿಹನಿಯಾಗಿ ಇಳಿಯುತ್ತಿತ್ತು.