ಹೊಡೆಯದೆ ಬಿಟ್ಟ ಕೊನೆಯ ಏಟು

ದಿನದ ದುಡಿಮೆ ಮುಗಿಸಿ, ಮಕ್ಕಳ ಮೇಲೆ ಒಂದೆರಡು ಸಲ ಕೂಗಾಡಿ, ಈಗಷ್ಟೇ ಫೋನ್ ಹಿಡಿದು ಕೂತವರಿಗಾಗಿ ಈ ಕಥೆ…

ತುಮಕೂರಿನಲ್ಲಿ ಪರಮೇಶ ಎಂಬ ಸಿಟಿ ಬಸ್ ಡ್ರೈವರ್ ಇದ್ದ. ಅವನಿಗೆ ಮದುವೆಯಾದದ್ದು ನಲವತ್ತು ದಾಟಿದ ಮೇಲೆ. ಹೆಂಡತಿ ಸುಕನ್ಯಾ, ಮೊದಲ ಗಂಡನನ್ನು ಕಳೆದುಕೊಂಡವಳು. ಅವಳ ಜೊತೆ ಹದಿಮೂರು ವರ್ಷದ ಮಗಳು ಮೋನಿಷಾ ಕೂಡ ಬಂದಳು.

ಬಂದಳು ಅನ್ನುವುದಕ್ಕಿಂತ… ಯುದ್ಧಕ್ಕೆ ಇಳಿದಳು ಅನ್ನಬೇಕು.

ಅವನು ಹಾಲ್‌ಗೆ ಬಂದರೆ ಅವಳು ರೂಮಿಗೆ. ಅವನು ಆಸೆಯಿಂದ ತಂದ ಪಫ್ಸ್ ಕಸದ ಬುಟ್ಟಿಗೆ.

"ಅಂಕಲ್, ನಂಗೆ ಏನೂ ತರಬೇಡಿ. ನೀವು ಅಮ್ಮನ್ನ ಮದುವೆಯಾಗಿರೋದು, ನನ್ನನ್ನಲ್ಲ."

ಇಬ್ಬರೂ ಒಟ್ಟಿಗೆ ಕೂರುತ್ತಿದ್ದದ್ದು ಟಿವಿಗೆ ಗೇಮ್ ಕನ್ಸೋಲ್ ಹಾಕಿದಾಗ ಮಾತ್ರ… ಜಪಾನಿನ ಒಂದು ಅನಿಮೆ ಕಾರ್ಟೂನ್ ಸೀರಿಯಲ್ಲಿನ ಫೈಟಿಂಗ್ ಗೇಮ್ ಅದು. ಅವಳೂ ಅವಳ ಅಪ್ಪನೂ ಆ ಸೀರಿಯಲ್ಲನ್ನು ಒಂದು ಎಪಿಸೋಡೂ ಬಿಡದೆ ನೋಡಿದ್ದರು. ಈ ಗೇಮನ್ನೂ ಒಟ್ಟಿಗೇ ಆಡುತ್ತಿದ್ದರು.

ಈಗ ಎರಡನೇ ಕಂಟ್ರೋಲರ್ ಹಿಡಿಯಲು ಯಾರಾದರೂ ಬೇಕಿತ್ತು. ಹೊಡೆಯಲು ಯಾರಾದರೂ ಬೇಕಿತ್ತು ಅಂದರೂ ಸರಿಯೇ.

ಆಟದಲ್ಲಿ ಅವಳದು ಮಿಂಚಿನ ಜಡೆಯ ಹುಡುಗಿ. ಅವನಿಗೆ ಕೊಟ್ಟದ್ದು ಕರಡಿಯಂಥ ಒಬ್ಬ ಸೋಮಾರಿ ದೈತ್ಯ.

"ಗೇರ್ ಹಾಕಿ ಅಂಕಲ್, ಬಸ್ ನಿಂತೇ ಇದೆ!"

"ಸ್ಟಾಪ್ ಬಂದಿದೆ ಕಣಮ್ಮಾ, ಜನ ಇಳೀಬೇಕಲ್ಲ," ಅನ್ನುತ್ತಾ ಅವನು ಏಟು ತಿನ್ನುತ್ತಿದ್ದ. ದಿನವೂ ಸೋಲುತ್ತಿದ್ದ.

ನಿಜ ಹೇಳಬೇಕೆಂದರೆ ಅವನಿಗೆ ಆಟ ಬರುತ್ತಿತ್ತು… ಬೆಳಗಿನ ಪಾಳಿ ಮುಗಿಸಿ ಬಂದು, ಅವಳು ಸ್ಕೂಲಿನಿಂದ ಬರುವುದರೊಳಗೆ ಕಂಪ್ಯೂಟರ್ ಎದುರಾಳಿಯ ಜೊತೆ ಆಡಿ ಆಡಿ ಕಲಿತಿದ್ದ. ಆದರೂ ಬೇಕೆಂದೇ ಸೋಲುತ್ತಿದ್ದ. ನಾನು ಸೋತರೆ ಏನಂತೆ, ಅಪ್ಪನಿಲ್ಲದ ಮಗು ಗೆಲ್ಲಲಿ ಎಂಬುದು ಅವನ ಲೆಕ್ಕ.

ಒಂದು ದಿನ ಚಿತ್ರದುರ್ಗದಿಂದ ಮೋನಿಷಾಳ ಸೋದರತ್ತೆಯ ಫೋನ್ ಬಂತು. "ನಮ್ಮಣ್ಣನ ಮಗಳು ಇಲ್ಲೇ ಬಂದು ಓದ್ಕೊಳ್ಳಲಿ. ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ."

ಸುಕನ್ಯಾ ಕಣ್ಣೊರೆಸಿಕೊಂಡು "ನೋಡೋಣ" ಅಂದಳು. ಪರಮೇಶ "ಅವಳಿಗೆ ಇಷ್ಟ ಇದ್ರೆ ಹೋಗಲಿ" ಅಂದ.

ಮೋನಿಷಾ ರೂಮಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಶನಿವಾರ ಸಂಜೆ ಬಂದು ಕಂಟ್ರೋಲರನ್ನು ಅವನ ತೊಡೆಯ ಮೇಲೆ ಎಸೆದಳು.

"ಕಡೇ ಮ್ಯಾಚ್. ನಾನು ಗೆದ್ರೆ ಅತ್ತೆ ಮನೆಗೆ ಹೋಗ್ತೀನಿ. ನೀವು ಗೆದ್ರೆ ಇಲ್ಲೇ ಇರ್ತೀನಿ."

"ಆಟದಲ್ಲಿ ತೀರ್ಮಾನ ಮಾಡೋ ವಿಷ್ಯನೇನೇ ಇದು?" ಸುಕನ್ಯಾ ಅಡುಗೆಮನೆಯಿಂದ ಕೂಗಿದಳು.

"ನೀನು ಸುಮ್ನಿರಮ್ಮ."

ಮೊದಲ ರೌಂಡ್ ಅವಳದು. ಎರಡನೆಯದರಲ್ಲಿ ಪರಮೇಶನಿಗೆ ತಡೆಯಲಾಗಲಿಲ್ಲ… ಗೆದ್ದುಬಿಟ್ಟ. ಅವಳು ಚಕಿತಳಾಗಿ ಅವನತ್ತ ತಿರುಗಿದಳು.

ಕೊನೆಯ ರೌಂಡಿನಲ್ಲಿ ಮಿಂಚಿನ ಜಡೆಯ ಹುಡುಗಿಗೆ ಉಳಿದದ್ದು ಒಂದು ಗುಟುಕು ಉಸಿರು. ಇನ್ನೊಂದು ಏಟು ಬಿದ್ದಿದ್ದರೆ ಮುಗಿಯುತ್ತಿತ್ತು.

ಅವನ ಹೆಬ್ಬೆರಳು ನಿಂತಿತು. ಆಟದಲ್ಲಿ ಗೆದ್ದು ಒಬ್ಬ ಹುಡುಗಿಯನ್ನು ಮನೆಯಲ್ಲಿ ಕಟ್ಟಿಹಾಕುವುದೇ? ಎಲ್ಲಿ ಸುಖವಾಗಿರುತ್ತಾಳೋ ಅಲ್ಲಿರಲಿ… ಅವನು ಬೆರಳು ಎತ್ತಿಬಿಟ್ಟ.

ದೈತ್ಯ ಕಂಬದಂತೆ ನಿಂತು ಏಟು ತಿಂದು ಬಿದ್ದ.

"ನೀನೇ ಗೆದ್ದೆ ಕಣಮ್ಮ," ಅಂದ ನಗುತ್ತಾ.

ಅವಳು ನಗಲಿಲ್ಲ.

"ಕೊನೇ ಏಟು ಯಾಕೆ ಹೊಡೀಲಿಲ್ಲ?"

"ಬೆರಳು ಜಾರ್ತು."

"ಸುಳ್ಳು! ಬೇಕಂತ ಬಿಟ್ಟುಕೊಟ್ರಿ. ಪೀಡೆ ತೊಲಗಲಿ ಅಂತ ತಾನೇ?"

"ಅಯ್ಯೋ, ಹಂಗಲ್ಲ… ನೀನು ಖುಷಿಯಾಗಿರಲಿ ಅಂತ…"

"ಅತ್ತೆ ಕರೆದ ತಕ್ಷಣ ಅಮ್ಮ ನೋಡೋಣ ಅಂದ್ಲು, ನೀವು ಹೋಗಲಿ ಅಂದ್ರಿ. ಬೇಡ, ಹೋಗಬೇಡ ಅಂತ ಈ ಮನೇಲಿ ಒಬ್ಬರಾದ್ರೂ ಅಂದ್ರಾ?"

ದಿನವೂ ಬೈಯುತ್ತಿದ್ದ ಹುಡುಗಿ… ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಇಷ್ಟು ದಿನ ತಾನು ದೊಡ್ಡತನ ಅಂದುಕೊಂಡದ್ದು ಈ ಮಗುವಿಗೆ ಹೇಗೆ ಕಂಡಿತ್ತು ಎಂದು ಪರಮೇಶನಿಗೆ ಈಗ ತಿಳಿಯಿತು. ಆ ಮನೆಯಲ್ಲಿ ಅವನು ಮೊದಲ ಬಾರಿ ದನಿ ಎತ್ತಿದ.

"ಕೂತ್ಕೋ! ಇನ್ನೊಂದು ಮ್ಯಾಚ್."

"ಮುಗೀತಲ್ಲ!"

"ಮುಗಿದಿಲ್ಲ. ನೀನು ಹೋಗೋದು ನಂಗೆ ಇಷ್ಟ ಇಲ್ಲ. ಕೂತ್ಕೋ ಅಂದ್ರೆ ಕೂತ್ಕೋಬೇಕು!"

ಅವಳು ಮೂಗೊರೆಸಿಕೊಂಡು ಕೂತಳು. "ಈ ಸಲ ಬಿಟ್ಟುಕೊಟ್ರೆ ಕಂಟ್ರೋಲರ್ ತಗೊಂಡು ತಲೆಗೇ ಹೊಡೀತೀನಿ."

"ಮೊದಲು ನಿನ್ನ ಜಡೆ ನೋಡ್ಕೋ, ಕಿತ್ತು ಕೈಗೆ ಕೊಡ್ತೀನಿ!"

ಅದು ಆಟವಾಗಿರಲಿಲ್ಲ, ಜಗಳವೇ ಆಗಿತ್ತು. ಅವನ ಕತ್ತಿನ ನರ ಉಬ್ಬಿತು. ಅವಳು ಕಿರುಚಿದಳು, ಮೊಣಕೈಯಲ್ಲಿ ತಿವಿದಳು. ಅವನೂ ತಿವಿದ. ಮತ್ತೆ ಕೊನೆಯ ರೌಂಡ್… ದೈತ್ಯನ ಉಸಿರು ಮುಗಿಯುತ್ತಾ ಬಂದರೂ ಅವನು ಒಂದೊಂದು ಏಟನ್ನೂ ತಡೆದ, ಎದ್ದ, ಬಿದ್ದ, ಮತ್ತೆ ಎದ್ದ…

ಕೊನೆಗೆ ಸೋತ. ಈ ಸಲ ನಿಜವಾಗಿಯೂ ಸೋತ.

ಪರಮೇಶ ತಲೆ ತಗ್ಗಿಸಿ ಕೂತ. ಕಣ್ಣೀರು ಕೈಮೇಲೆ ಬಿತ್ತು.

ಮೋನಿಷಾ ಎದ್ದು ನಿಂತಳು.

"ಅಮ್ಮಾ, ಅತ್ತೆಗೆ ಫೋನ್ ಮಾಡು. ನಾಳೆ ಬರೋದು ಬೇಡ ಅನ್ನು."

"ನಾನು ಸೋತೆನಲ್ಲಮ್ಮ…"

"ಸೋತ್ರಿ," ಅಂದಳು ಅವಳು, ಇನ್ನೂ ಸಿಟ್ಟಿನಲ್ಲೇ. "ಆದ್ರೆ ಬಿಡಲಿಲ್ಲ."

*

ಮಕ್ಕಳಿಗೆ ಬಿಟ್ಟುಕೊಡುವುದಷ್ಟೇ ಪ್ರೀತಿಯಲ್ಲ… ಅವರನ್ನು ಬಿಟ್ಟುಕೊಡದೆ ಹಿಡಿದುಕೊಳ್ಳುವುದೂ ಪ್ರೀತಿಯೇ.

ನಿಮ್ಮ ಮನೆಯಲ್ಲಿ ಬಾಗಿಲು ಬಡಿದು ಒಳಗೆ ಹೋದ ಮಗುವಿಗೆ, "ನೀನು ನಮಗೆ ಬೇಕು" ಎಂದು ನೀವು ಬಾಯಿಬಿಟ್ಟು ಹೇಳಿ ಎಷ್ಟು ದಿನವಾಯಿತು?