ಎಡೆ ಇಟ್ಟ ಕೋಣೆ

ತಾಯಿ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ಎಡೆಯಲ್ಲಿ ಅವಳಿಗೆ ಇಷ್ಟವಾದದ್ದು ಒಂದೂ ತಪ್ಪಬಾರದೆಂದು ಅವನು ಬೆಳಗಿನಿಂದ ಪೇಟೆಯೆಲ್ಲ ಅಲೆದ. ತಲೆಮಾಂಸಕ್ಕೆ ಸಾಲಿನಲ್ಲಿ ನಿಂತ. ಗಿಣಿಹಸಿರು ಸೀರೆಗಾಗಿ ಅಂಗಡಿ ಅಂಗಡಿ ಹತ್ತಿಳಿದ. ಕೋಡುಬಳೆ, ಎಲೆಯಡಿಕೆ, ಕೊನೆಗೆ ಅವಳು ಕದ್ದುಮುಚ್ಚಿ ಹಾಕಿಕೊಳ್ಳುತ್ತಿದ್ದ ಹೊಗೆಸೊಪ್ಪನ್ನೂ ಮರೆಯದೆ ತಂದ.

ಮಧ್ಯಾಹ್ನ ಎಲ್ಲವನ್ನೂ ಬಾಳೆಲೆಗೆ ಬಡಿಸಿ, ಸೀರೆಯನ್ನು ಪಕ್ಕದಲ್ಲಿಟ್ಟು, ಧೂಪ ಹಾಕಿ, "ಬಾರವ್ವ, ಒಂದ್ಸಲ ಬಂದು ಉಂಡು ಹೋಗು" ಎಂದು ಅತ್ತ. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಕೋಣೆಯ ಬಾಗಿಲು ಮುಚ್ಚಿ, ಹೆಂಡತಿ ಮಗಳ ಜೊತೆ ಹೊರಗೆ ಬಂದ.

"ಹೆಂಗೂ ಸ್ವಲ್ಪ ಹೊತ್ತು ಹೊರಗೇ ಇರ್ಬೇಕು. ಒಂದು ಸಿನಿಮಾ ನೋಡ್ಕೊಂಡು ಬರಾಣ," ಎಂದಳು ಹೆಂಡತಿ.

ಹತ್ತಿರದ ಟಾಕೀಸಿನಲ್ಲಿ ಇದ್ದದ್ದು ದೆವ್ವದ ಸಿನಿಮಾ. ಸತ್ತ ಮುದುಕಿಯೊಬ್ಬಳು ಮನೆಗೆ ಮರಳಿ ಬರುವ ಕತೆ. ಮಗಳು ಪುರಿ ತಿನ್ನುತ್ತಾ ನೋಡಿದಳು. ಅವನು ಮುಕ್ಕಾಲು ಪಾಲು ಕಣ್ಣು ಮುಚ್ಚಿಕೊಂಡೇ ಕೂತಿದ್ದ.

ಮನೆಗೆ ಬಂದಾಗ ಕತ್ತಲಾಗಿತ್ತು. ಮೂವರೂ ಕೋಣೆಯ ಮುಂದೆ ನಿಂತರು.

"ನೀವೇ ತೆಗೀರಿ," ಎಂದಳು ಹೆಂಡತಿ, ಒಂದು ಹೆಜ್ಜೆ ಹಿಂದೆ ಸರಿದು. "ನಿಮ್ಮವ್ವ ಅಲ್ವಾ."

ಅವನು ಚಿಲಕಕ್ಕೆ ಕೈ ಹಾಕಿದ. ಒಳಗೆ ಏನೋ ಸರಿದಾಡಿದಂತಾಯಿತು. ಕೈ ತಾನಾಗಿಯೇ ಹಿಂದಕ್ಕೆ ಬಂತು.

"ಯಾಕಪ್ಪಾ? ಒಳಗಿರೋದು ಅಜ್ಜಿ ತಾನೇ?" ಎಂದಳು ಮಗಳು.

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಬಾಗಿಲ ಹತ್ತಿರ ಬಾಯಿ ತಂದು ಮೆಲ್ಲಗೆ ಕೇಳಿದ:

"ಅವ್ವಾ, ಹೋದ್ಯಾ?"