ಯಾರೂ ಕೇಳದ ಹಾಡುಗಳ ಕಪಾಟು

ಅಂದು ಬುಧವಾರ. ನಾನು ಬೆಳಗಿನ ಪೂಜೆಗೆ ಕುಳಿತಿದ್ದೆ.

ಫೋನು ಮೂರು ಸಲ ರಿಂಗಾಯಿತು... ನಾನು ಏಳಲಿಲ್ಲ. ಪೂಜೆಯ ನಡುವೆ ಏಳುವ ರೂಢಿ ನನಗಿಲ್ಲ.

ಮಂಗಳಾರತಿ ಮುಗಿಸಿ ನಾನೇ ಫೋನು ಮಾಡಿದೆ. ಇಳಕಲ್ಲಿನಿಂದ ನಾದಿನಿಯ ಅಳು ಕೇಳಿಸಿತು. "ಭಾವಾರ... ಅಕ್ಕ ಹೋದಳ್ರಿ..."

ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಹೋಗಿದ್ದಳು ನನ್ನ ಹೆಂಡತಿ ಮುಕ್ತಾ. ಮಲಗಿದವಳು ಬೆಳಗ್ಗೆ ಏಳಲೇ ಇಲ್ಲವಂತೆ.

ಕಾರ್ಯಗಳೆಲ್ಲ ಮುಗಿದು ಬಂಧುಗಳು ಊರಿಗೆ ಹೋದ ಮೇಲೆ ಮನೆಯಲ್ಲಿ ಒಂದು ಮೌನ ಉಳಿಯಿತು.

ಮೊಬೈಲಿನಲ್ಲಿ ಅವಳ ಫೋಟೋಗಳು ಬೇಕಾದಷ್ಟಿದ್ದವು... ಆದರೆ ಒಂದರಲ್ಲೂ ಅವಳ ದನಿ ಇರಲಿಲ್ಲ.

ಆಗ ನೆನಪಾಯಿತು, ಒಂದು ಕ್ಯಾಸೆಟ್.

ಮೂವತ್ತು ವರ್ಷದ ಹಿಂದೆ ನಮ್ಮ ಗದಗಿನ ಅಕ್ಕನ ಬಳಗ ಎಂಬ ಭಜನಾ ಸಂಘದ ಹೆಣ್ಣುಮಕ್ಕಳು ಸೇರಿ ತತ್ವಪದಗಳ ಒಂದು ಕ್ಯಾಸೆಟ್ ಮಾಡಿದ್ದರು. ಎಲ್ಲ ಪದಗಳಿಗೂ ಮುಕ್ತಾಳದೇ ಮುಖ್ಯ ದನಿ. ಅದು ಹೆಚ್ಚು ಮಾರಾಟವಾಗಲಿಲ್ಲ. ನಾನಂತೂ ಕೇಳಲೇ ಇಲ್ಲ. ದಿನಾ ಒಲೆಯ ಮುಂದೆ ಹಾಡುತ್ತಾಳಲ್ಲ, ಮತ್ತೇನು ಕೇಳುವುದು ಎಂದುಕೊಂಡಿದ್ದೆ.

ಟ್ರಂಕಿನಿಂದ ತೆಗೆದು ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದೆ.

ಬಂದದ್ದು ಒಬ್ಬ ಸ್ವಾಮಿಗಳ ಪ್ರವಚನ.

ಆಗ ನನಗೆ ಎಲ್ಲವೂ ನೆನಪಿಗೆ ಬಂತು... ರೇಡಿಯೋದಲ್ಲಿ ಪ್ರವಚನ ಬರುವ ದಿನ ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಮತ್ತೆ ರೆಕಾರ್ಡ್ ಆಗದಂತೆ ಅವಳ ಕ್ಯಾಸೆಟ್ಟಿನ ಮೇಲೆ ಬಿಟ್ಟಿದ್ದ ಕಿಂಡಿಗೆ ಕಾಗದ ತುರುಕಿ, ಅವಳ ಹಾಡಿನ ಮೇಲೆಯೇ ನಾನು ರೆಕಾರ್ಡ್ ಮಾಡಿದ್ದೆ.

ಕಾಗದ ಮಡಿಚಿ ಕೊಟ್ಟವಳೂ ಅವಳೇ. "ಗುರುಗಳ ಮಾತು ದೊಡ್ಡದು. ಹಚ್ಚರಿ" ಎಂದಿದ್ದಳು.

ಎರಡನೆಯ ಬದಿಯ ಕೊನೆಯಲ್ಲಿ ಪ್ರವಚನ ಮುಗಿಯಿತು. ಆಮೇಲೆ ಅವಳ ದನಿ... ಅರ್ಧ ಸಾಲು. ಅಷ್ಟರಲ್ಲಿ ಟೇಪು ಟಕ್ಕೆಂದು ನಿಂತಿತು.

ಆ ಅರ್ಧ ಸಾಲನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆನೋ, ಶಿವನೇ ಬಲ್ಲ.

ಮರುದಿನ ಬಜಾರಿಗೆ ಹೋದೆ. ಮಕ್ತುಮಸಾಬರ ಕ್ಯಾಸೆಟ್ ಅಂಗಡಿ ಈಗ ಮೊಬೈಲ್ ಕವರು, ಚಾರ್ಜರುಗಳ ಅಂಗಡಿ. ಆದರೆ ಒಳಗೆ ಒಂದು ಕಪಾಟು ಹಾಗೆಯೇ ಇದೆ. ಯಾರೂ ಕೊಳ್ಳದೆ ಉಳಿದ ಕ್ಯಾಸೆಟ್ಟುಗಳವು... ಲಾವಣಿ, ಕವ್ವಾಲಿ, ಗೋವೆಯ ಚರ್ಚಿನ ಹಾಡು, ಕಾಲೇಜು ಹುಡುಗರ ಗಿಟಾರು. ಹಿಂದೆ ಅದನ್ನು ನೋಡಿ ನಾನು ನಗುತ್ತಿದ್ದೆ.

"ಬರ್ರಿ ಗುರುಗಳ. ಈ ಕಪಾಟಿಗೆ ಹೆಣದ ಮನಿ ಅಂತಿದ್ರಲ್ಲ, ಇವತ್ತ ಹೆಂಗ ಹಾದಿ ತಪ್ಪಿದ್ರಿ?"

"ಮುಕ್ತಾ ಹೋದಳೋ, ಮಕ್ತುಮಸಾಬ..."

ಅವರ ಮುಖದ ನಗೆ ಆರಿತು. ಒಂದು ಸ್ಟೂಲು ಮುಂದಕ್ಕೆ ಸರಿಸಿದರು.

"ಆಕಿ ಕ್ಯಾಸೆಟ್ಟ ಒಂದರ ಉಳದೈತೇನು?" ಎಂದೆ.

"ಐತ್ರಿ. ಆದ್ರ ಈ ಕಪಾಟಿಗೆ ಒಂದ ಪದ್ಧತಿ ಐತಿ. ಯಾರ ಒಂದ ಕೇಳಾಕ ಬಂದ್ರೂ, ಮದ್ಲ ತಮಗ ಗೊತ್ತಿಲ್ಲದ್ದ ಒಂದ ಪೂರ್ತಿ ಕೇಳಬೇಕು. ಕುಂದರ್ರಿ."

ನನಗೆ ಸಿಟ್ಟು ಬಂತು. ಆದರೂ ಕುಳಿತೆ.

ಅದು ಒಬ್ಬ ಮದುವೆ ಬ್ಯಾಂಡಿನವನು ನುಡಿಸಿದ ಕ್ಲಾರಿನೆಟ್. ಮೊದಮೊದಲು ಕಿವಿಗೆ ಹತ್ತಲಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ಆ ವಾದ್ಯ ತವರಿನಿಂದ ಹೊರಟ ಮದುಮಗಳಂತೆ ಬಿಕ್ಕಿತು... ನಾನು ಕಣ್ಣು ಮುಚ್ಚಿದೆ.

"ಇವನ ಮುಂದ ಕುಣಿದವ್ರು ಸಾವಿರಾರು ಮಂದಿ, ಗುರುಗಳ. ನಿಂತ ಕೇಳಿದವ್ರು ಒಬ್ರೂ ಇಲ್ಲ" ಎಂದರು ಮಕ್ತುಮಸಾಬರು.

ನಂತರ ಕಪಾಟಿನ ಮೇಲಿನ ಅರೆಯಿಂದ ಒಂದು ಕ್ಯಾಸೆಟ್ ತೆಗೆದರು. ಅದರ ಮೇಲೆ ಧೂಳು ಇರಲಿಲ್ಲ.

ನಾನು ಅಚ್ಚರಿಯಿಂದ ನೋಡಿದೆ.

"ಧೂಳ ಹೆಂಗ ಕುಂದ್ರತೈತ್ರಿ? ಅಕ್ಕಾರು ಸೋಮವಾರಕ್ಕೊಮ್ಮೆ ಬಂದ ಕೇಳತಿದ್ರು. ನೀವು ಕುಂತೀರಲ್ಲ, ಅದ ಸ್ಟೂಲಿನ ಮ್ಯಾಲ."

ಸೋಮವಾರ ಅವಳು ಗುಡಿಯಿಂದ ತಡವಾಗಿ ಬರುತ್ತಿದ್ದಳು. "ಗುಡ್ಯಾಗ ಏನ ಹರಟಿ?" ಎಂದು ನಾನು ಬೈಯುತ್ತಿದ್ದೆ. ಅವಳು ನಕ್ಕು ಒಳಗೆ ಹೋಗುತ್ತಿದ್ದಳು.

"ಮನ್ಯಾಗ ಕೇಳಂಗಿಲ್ಲೇನ್ರಿ ಅಕ್ಕಾರ, ಅಂತ ನಾ ಕೇಳಿದ್ರ... 'ಅಲ್ಲಿ ಅದರಾಗ ಸ್ವಾಮಿಗಳ ಮಾತ ತುಂಬ್ಯಾವ, ಇರಲಿ ಬಿಡ್ರಿ. ನನಗೇನ ಬ್ಯಾಸರಿಲ್ಲ' ಅಂದ್ರು. ಇದೊಂದ ಮಾತ್ರ ಮಾರಬ್ಯಾಡಂದ್ರು. 'ಅವರು ಒಂದಿನ ತಾವಾಗೇ ಕೇಳಿದ್ರ ಹಚ್ಚರಿ. ನೀವಾಗೇ ಹೇಳಬ್ಯಾಡ್ರಿ' ಅಂದಿದ್ರು."

ಕ್ಯಾಸೆಟ್ ತಿರುಗಿತು.

ಮೂವತ್ತು ವರ್ಷದ ಹಿಂದಿನ ಮುಕ್ತಾ ಹಾಡತೊಡಗಿದಳು... ಒಲೆಯ ಮುಂದಿನ ಗುನುಗು ಅದಲ್ಲ. ಎದೆ ತುಂಬಿ, ತಲೆಯೆತ್ತಿ ಹಾಡಿದ ದನಿ. ಇಷ್ಟು ದೊಡ್ಡ ದನಿಯ ಹೆಣ್ಣುಮಗಳು ನನ್ನ ಮನೆಯಲ್ಲಿದ್ದಳೆಂದು ನನಗೆ ತಿಳಿದೇ ಇರಲಿಲ್ಲ.

ಎಪ್ಪತ್ತಾರು ವರ್ಷದ ಮುದುಕ, ಬಜಾರಿನ ನಡುವೆ ಕೂತು ಗೊಳೋ ಎಂದು ಅತ್ತೆ.

ಮಕ್ತುಮಸಾಬರು ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. "ತೊಗೊಂಡ ಹೋಗ್ರಿ. ಇದು ನಿಮ್ಮದ."

ನಾನು ಅದನ್ನು ಮರಳಿ ಅದೇ ಅರೆಯ ಮೇಲಿಟ್ಟೆ.

"ಇಲ್ಲೇ ಇರಲಿ. ಆಕಿ ಬಂದಂಗ ಇನ್ನ ನಾನ ಬರತೇನಿ. ಮದ್ಲ ಗೊತ್ತಿಲ್ಲದ್ದೊಂದು... ಆಮ್ಯಾಲ ಆಕೀದು."

ಈಗ ಪ್ರತಿ ಸೋಮವಾರ ಹೋಗುತ್ತೇನೆ. ಲಾವಣಿ ಕೇಳಿದೆ, ಕವ್ವಾಲಿ ಕೇಳಿದೆ. ಕಳೆದ ವಾರ ಆ ಕಾಲೇಜು ಹುಡುಗರ ಗಿಟಾರನ್ನೂ ಪೂರ್ತಿ ಕೇಳಿದೆ. ಅದು ಅರ್ಥವಾಯಿತೆಂದು ಸುಳ್ಳು ಹೇಳಲಾರೆ. ಆದರೆ ನಡುವೆ ಎದ್ದು ಬರಲಿಲ್ಲ.

ದೇವರ ಮಾತು ಕೇಳುವ ಆತುರದಲ್ಲಿ, ದೇವರು ನಮ್ಮ ಮನೆಯಲ್ಲೇ ಇಟ್ಟ ದನಿಯನ್ನು ಅಳಿಸಬಾರದು.

ನಿಮ್ಮ ಮನೆಯಲ್ಲಿ, ನೀವು ಇನ್ನೂ ಪೂರ್ತಿ ಕೇಳದ ದನಿ ಯಾರದು...?

ಶಿವನೇ, ನಾನು ಕೇಳದೆ ಬಿಟ್ಟದ್ದನ್ನು ನೀನು ಕೇಳು. ಹಾಡಿ ದಣಿದ ನನ್ನ ಮುಕ್ತಾಳಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು, ತಂದೆ.